ಹಾಕಿ ಮರೆತುಬಿಡಿ

"ಬರೀ ಕ್ಯಾರೆಟ್ ಸಿಪ್ಪೆ ತೆಗೆದು ಹೆಚ್ಚುವುದಕ್ಕೆ 20 ನಿಮಿಷ ಹಿಡಿಯಿತು," ಎಂದು ಸರೋಜಕ್ಕ ಚಾಕು ಕೆಳಗಿಟ್ಟರು. "ನಿನ್ನ ಫೋನಿನಲ್ಲಿ ಏನಂತ ಬರೆದಿದೆ, ಇನ್ನೊಂದು ಸಲ ಓದು."

ಸೀನ ಗಂಟಲು ಸರಿಮಾಡಿಕೊಂಡು ಓದಿದ. "ಸಾಸೇಜ್ ಮತ್ತು ತರಕಾರಿಯ ಅತಿ ಸುಲಭ ರಾತ್ರಿಯೂಟ. ತಯಾರಿ 10 ನಿಮಿಷ. ಎಲ್ಲವನ್ನೂ ಸ್ಲೋ ಕುಕ್ಕರಿಗೆ ಹಾಕಿ, ಮುಚ್ಚಿ, ಮರೆತುಬಿಡಿ." ಸ್ಲೋ ಕುಕ್ಕರ್ ಎಂದರೆ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ.

"10 ನಿಮಿಷದಲ್ಲಿ ಒಂದು ಈರುಳ್ಳಿ ಹೆಚ್ಚಿ, ಅತ್ತು, ಕಣ್ಣೊರೆಸಿಕೊಳ್ಳಬಹುದು. ಅಷ್ಟೇ. ಇದನ್ನು ಬರೆದವರ ಹಿತ್ತಲಲ್ಲಿ ಆಲೂಗಡ್ಡೆ ಹೆಚ್ಚಿಕೊಂಡೇ ಬೆಳೆಯುತ್ತದೆಯೋ?"

"ಬೇಕಾದ ಸಾಮಾನು ನೋಡಿ ಅಕ್ಕ," ಎಂದ ಗುಂಡ, ಸೀನನ ಭುಜದ ಮೇಲಿಂದ ಇಣುಕುತ್ತ. "ಹೆಚ್ಚಿದ ಆಲೂಗಡ್ಡೆ ನಾಲ್ಕು, ಹೆಚ್ಚಿದ ಕ್ಯಾರೆಟ್ ಮೂರು ಅಂತ ಇದೆ. ಅಂದರೆ ಹೆಚ್ಚಿದ್ದೇ ತರಬೇಕು. ಆ ಲೆಕ್ಕ ಇದರಲ್ಲಿ ಬರುವುದಿಲ್ಲ."

"ಸರಿ ಹಾಗಾದರೆ. 'ಬೇಕಾದ ಸಾಮಾನು: ಕಟ್ಟಿದ ಮನೆ ಒಂದು' ಅಂತ ಬರೆದುಬಿಡು. ಮನೆ ಕಟ್ಟುವುದೂ 10 ನಿಮಿಷದ ಕೆಲಸವೇ."

ಮೇಷ್ಟ್ರು ನಕ್ಕರು. ಅವರಿಗೆ ಸಿಪ್ಪೆ ತೆಗೆಯುವ ಕೆಲಸ ಕೊಟ್ಟು ಅರ್ಧ ಗಂಟೆಯಾಗಿತ್ತು. ಒಂದು ಆಲೂಗಡ್ಡೆ ಮುಗಿಸಿದ್ದರು. ಅದು ಈಗ ನಿಂಬೆಹಣ್ಣಿನಷ್ಟಿತ್ತು.

"ಸಾಸೇಜ್ ಎಲ್ಲಿ? ಫ್ರೀಜರಿನಲ್ಲಿ ಕಲ್ಲಿನ ಹಾಗೆ ಕೂತಿದೆಯೋ?"

"ಇಲ್ಲ ಅಕ್ಕ. ನಿನ್ನೆ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿದ್ದೆ," ಎಂದ ಸೀನ, ಸ್ವಲ್ಪ ಹೆಮ್ಮೆಯಿಂದಲೇ.

"ನಿನ್ನೆ ರಾತ್ರಿಯೇ ಶುರುವಾಯಿತು ಅನ್ನು, ಈ 10 ನಿಮಿಷ."

"ಅದು ಸರಿಯಾದ ಕ್ರಮವೇ," ಎಂದು ಮೇಷ್ಟ್ರು ಸೀನನ ಪರ ನಿಂತರು. "ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಇದಕ್ಕೆ ಹಾಕಬಾರದು. 4 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಈ ಪಾತ್ರೆ ಮೊದಲೇ ನಿಧಾನಿ. ಒಳಗೆ ಮಂಜುಗಡ್ಡೆ ಬೇರೆ ಹಾಕಿದರೆ ಆ ದಾರಿ ದಾಟುವುದಕ್ಕೇ ಗಂಟೆಗಟ್ಟಲೆ ಬೇಕು. ನಮಗಿಂತ ಮೊದಲು ಅವುಗಳ ಊಟವಾಗಿರುತ್ತದೆ."

ಗುಂಡ ಸಾಸೇಜ್ ಪೊಟ್ಟಣ ಒಡೆದು ನೇರವಾಗಿ ಪಾತ್ರೆಗೆ ಸುರಿಯಲು ಹೋದ. ಸರೋಜಕ್ಕ ಅವನ ಕೈ ಹಿಡಿದರು.

"ಹುರಿಯದೇ ಹಾಕುತ್ತೀಯಾ?"

"ಹಾಕಿ ಮರೆತುಬಿಡಿ ಅಂತ ಅಲ್ವಾ?"

"ಹಾಗೇ ಹಾಕಿದ ಸಾಸೇಜನ್ನು ನಾಲ್ಕು ಗಂಟೆ ಬಿಟ್ಟು ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಎರಡು ಗಂಟೆ ಸ್ನಾನದ ನೀರಿನಲ್ಲಿ ನೆನೆದ ಬೆರಳಿನ ಹಾಗಿರುತ್ತದೆ. ಬಿಳಿಚಿಕೊಂಡು, ಸುಕ್ಕಾಗಿ."

ಸೀನ ಮುಖ ಕಿವುಚಿದ. ಮೇಷ್ಟ್ರಿಗೆ ಇದು ಪಾಠದ ಸಮಯ. ಮಾಂಸ ಕಂದುಬಣ್ಣಕ್ಕೆ ತಿರುಗಿ ಆ ಘಮ ಬರಬೇಕಾದರೆ 140 ಡಿಗ್ರಿಯ ಆಸುಪಾಸಿನ ಬಿಸಿ ಬೇಕು ಎಂದರು. ನೀರಿರುವ ಪಾತ್ರೆ ಎಷ್ಟು ಹೊತ್ತು ಕೂತರೂ 100 ಡಿಗ್ರಿ ದಾಟುವುದಿಲ್ಲ. ಎಂಟು ಗಂಟೆ ಬೇಯಿಸಿದರೂ ಬಣ್ಣ ಬರದ್ದು, ಬಾಣಲೆಯಲ್ಲಿ ಐದು ನಿಮಿಷಕ್ಕೆ ಬರುತ್ತದೆ.

"ಆದರೆ ಇದು ಒಂದೇ ಪಾತ್ರೆಯ ಅಡುಗೆ," ಎಂದ ಸೀನ. ದನಿ ಸಣ್ಣಗಾಗಿತ್ತು.

"ಹೌದಪ್ಪ. ಒಂದೇ ಪಾತ್ರೆ. ಜೊತೆಗೆ ಬಾಣಲೆ ಒಂದು, ಹಲಗೆ ಎರಡು, ಚಾಕು ಮೂರು, ತರಕಾರಿ ತೊಳೆದ ಬೋಗುಣಿ ಒಂದು, ಮೇಷ್ಟ್ರು ಒಬ್ಬರು."

ಸಾಸೇಜ್ ಹುರಿದಾಯಿತು. ಬಾಣಲೆಯ ತಳದಲ್ಲಿ ಕಂದಾಗಿ ಹಿಡಿದಿದ್ದನ್ನು ಸರೋಜಕ್ಕ ಒಂದು ಲೋಟ ತರಕಾರಿ ಬೇಯಿಸಿದ ನೀರು ಹಾಕಿ ಕೆರೆದು ಇಳಿಸಿದರು. ಅದೇ ರುಚಿ, ಅದನ್ನು ಬಿಟ್ಟರೆ ಉಳಿದದ್ದು ಆಸ್ಪತ್ರೆ ಊಟ ಎಂದರು. ಇನ್ನೂ ಎರಡು ಲೋಟ ನೀರು ಹಾಕೋಣ ಎಂದ ಗುಂಡನಿಗೆ ಬೈಗುಳ ಸಿಕ್ಕಿತು. ಇದರಲ್ಲಿ ಆವಿ ಹೊರಗೆ ಹೋಗುವುದೇ ಕಡಿಮೆ. ಮುಚ್ಚಳಕ್ಕೆ ತಾಗಿ ಮತ್ತೆ ಹನಿಯಾಗಿ ಬೀಳುತ್ತದೆ. ಒಲೆಯ ಲೆಕ್ಕದಲ್ಲಿ ನೀರು ಹಾಕಿದರೆ ತರಕಾರಿ ಈಜುತ್ತಿರುತ್ತದೆ.

"ಈಗ ಜೋಡಿಸು. ಆಲೂಗಡ್ಡೆ, ಕ್ಯಾರೆಟ್ ಕೆಳಗೆ, ಅಂಚಿಗೆ ತಾಗಿಸಿ. ಈರುಳ್ಳಿ ಅದರ ಮೇಲೆ. ಸಾಸೇಜ್ ಎಲ್ಲಕ್ಕಿಂತ ಮೇಲೆ."

"ಉಲ್ಟಾ ಅಲ್ವಾ ಅಕ್ಕ? ಮಾಂಸ ಬೇಯುವುದಕ್ಕೆ ಜಾಸ್ತಿ ಹೊತ್ತು ಬೇಕು."

"ನಾವೂ ಹಾಗೇ ಅಂದುಕೊಂಡು ಒಂದು ಸಲ ಕ್ಯಾರೆಟ್ಟನ್ನು ಕಟಕಟ ಅಂತ ತಿಂದಿದ್ದೇವೆ. ಕೇಳು ಮೇಷ್ಟ್ರನ್ನು."

ಹಂದಿಮಾಂಸದ ಸಾಸೇಜ್ ಒಳಗೆ 71 ಡಿಗ್ರಿ ಮುಟ್ಟಿದರೆ ತಿನ್ನಲು ಸಿದ್ಧ, ಕೋಳಿಯದಾದರೆ 74 ಎಂದರು ಮೇಷ್ಟ್ರು. ಗಡ್ಡೆ ತರಕಾರಿ ಮೆತ್ತಗಾಗಲು 80 ದಾಟಬೇಕು, ಅಲ್ಲೇ ಬಹಳ ಹೊತ್ತು ನಿಲ್ಲಲೂ ಬೇಕು. ಬಿಸಿಯೆಲ್ಲ ಬರುವುದು ತಳದಿಂದ, ಪಕ್ಕದಿಂದ.

"ಗಟ್ಟಿಯಾಗಿ ಕಾಣುವವರು ಬೇಗ ಕರಗುತ್ತಾರೆ, ಮೆತ್ತಗೆ ಕಾಣುವ ಕ್ಯಾರೆಟ್ಟೇ ಜಗ್ಗುವುದಿಲ್ಲ," ಎಂದ ಗುಂಡ.

"ಕ್ಯಾರೆಟ್ ಯಾವ ದಿನ ಮೆತ್ತಗೆ ಕಂಡಿತ್ತೋ ನಿನಗೆ?"

ನಾಲ್ಕೂ ಕಾಲಕ್ಕೆ ಮುಚ್ಚಳ ಬಿತ್ತು. ಗುಂಡಿ 'ಹೈ' ಕಡೆಗೆ ತಿರುಗಿತು. ನಾಲ್ಕು ಗಂಟೆಯ ಬೇಯುವಿಕೆ. ಎಂಟೂ ಕಾಲಕ್ಕೆ ಊಟ. ಕೊನೆಯ ಅರ್ಧ ಗಂಟೆಯಲ್ಲಿ ಬಟಾಣಿ ಹಾಕಬೇಕು, ಮೊದಲೇ ಹಾಕಿದರೆ ಬಣ್ಣಗೆಟ್ಟು ಹಿಟ್ಟಾಗುತ್ತದೆ. ಸರೋಜಕ್ಕ ಅದನ್ನು ಬಟ್ಟಲಿಗೆ ತೆಗೆದು ಪಕ್ಕಕ್ಕಿಟ್ಟರು.

"ಇನ್ನು ಮರೆತುಬಿಡೋಣ," ಎಂದ ಸೀನ.

ನಾಲ್ವರೂ ಮೇಜಿನ ಸುತ್ತ ಕೂತು ಪಾತ್ರೆಯನ್ನೇ ನೋಡತೊಡಗಿದರು.

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ವೈದ್ಯನ ಕತೆ ಗೊತ್ತಲ್ಲ. ಅಲ್ಲಿಯವರೆಗೆ ಆ ರೋಗಿ ಜನ್ಮದಲ್ಲಿ ಮಂಗನನ್ನು ನೆನೆದವನಲ್ಲ. ಇಲ್ಲೂ ಅದೇ ಆಯಿತು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಗುಂಡ ಎದ್ದು ಹೋಗಿ ಮುಚ್ಚಳ ತೆಗೆದ.

"ಏನೋ ಮಾಡುತ್ತಿದ್ದೀಯ?"

"ಏನೂ ಕಾಣಿಸುತ್ತಿರಲಿಲ್ಲ. ಗಾಜಿಗೆಲ್ಲ ಆವಿ ಕಟ್ಟಿತ್ತು."

"ತೆಗೆದ ಮೇಲೆ ಏನು ಕಂಡಿತು?"

"ಕ್ಯಾರೆಟ್."

"ಅದಕ್ಕೆ 20 ನಿಮಿಷ ದಂಡ," ಎಂದರು ಮೇಷ್ಟ್ರು. "ಒಂದು ಸಲ ತೆಗೆದರೆ ಒಳಗಿನ ಬಿಸಿ ಹಾರಿಹೋಗುತ್ತದೆ. ಈ ಪಾತ್ರೆ ಅದನ್ನು ಮತ್ತೆ ಗಳಿಸುವುದಕ್ಕೆ 20 ನಿಮಿಷ, ಕೆಲವು ಸಲ ಅರ್ಧ ಗಂಟೆ. ಇದರ ಶಕ್ತಿ ಒಲೆಯಷ್ಟಿಲ್ಲ. ಕೂಡಿಟ್ಟೇ ಬದುಕಬೇಕು."

ಸರೋಜಕ್ಕ ಬೆರಳು ಮಡಚಿ ಎಣಿಸಿದರು. "ಹಾಗಾದರೆ ಲೆಕ್ಕ ಕೇಳಿ. ಒಬ್ಬ ಮನುಷ್ಯ 20 ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಾನೆ. ಪ್ರತಿ ಸಲ ಊಟ 20 ನಿಮಿಷ ಮುಂದೆ ಹೋಗುತ್ತದೆ. ಊಟ ಯಾವಾಗ?"

ಸೀನ ಫೋನಿನಲ್ಲಿ ಲೆಕ್ಕ ಹಾಕಲು ಶುರುಮಾಡಿದ.

"ಬೇಡ ಇಡು. ಊಟವೇ ಇಲ್ಲ. ಅವನ ಮೊಮ್ಮಗ ಬಂದು ಮುಚ್ಚಳ ತೆಗೆದು, ತಾತ ಇನ್ನೂ ಬೆಂದಿಲ್ಲ ಅನ್ನುತ್ತಾನೆ."

ಗುಂಡ ಯೋಚಿಸಿದ. "19 ನಿಮಿಷಕ್ಕೊಮ್ಮೆ ತೆಗೆದರೆ?"

"ಆಗ ನಿನ್ನೆಯ ಊಟವೂ ಹಸಿಯಾಗುತ್ತದೆ."

ಮುಂದಿನ ತಪ್ಪು ಸೀನನದು. ಪಾತ್ರೆಯಿಂದ ಸದ್ದೇ ಬರುತ್ತಿಲ್ಲ, ಕರೆಂಟು ಇದೆಯೋ ಇಲ್ಲವೋ ಎಂದು ಅವನಿಗೆ ಅನುಮಾನ. ದೀಪ ಉರಿಯುತ್ತಿತ್ತು. ಆದರೂ ತೆಗೆದು ನೋಡಿದ. ಐದೂವರೆಗೆ ಮೇಷ್ಟ್ರೇ ಎದ್ದರು. ತಾವು ತೆಗೆದದ್ದು ಕುತೂಹಲಕ್ಕಲ್ಲ, ಪರೀಕ್ಷೆಗೆ ಎಂದರು. ಕನ್ನಡಕಕ್ಕೆ ಆವಿ ಕಟ್ಟಿ ಅವರಿಗೂ ಏನೂ ಕಾಣಲಿಲ್ಲ.

"60 ನಿಮಿಷ ಆಯಿತು," ಎಂದರು ಸರೋಜಕ್ಕ. "ಊಟ ಈಗ ಒಂಬತ್ತೂ ಕಾಲಕ್ಕೆ. ಸುಲಭ ಅಡುಗೆ ಎಂದರೆ ಇದೇ ನೋಡಿ. ಅಡುಗೆಗೆ ಏನೂ ಕಷ್ಟವಿಲ್ಲ, ಕಷ್ಟವೆಲ್ಲ ನಮಗೆ."

ಇದನ್ನು ಕಂಡುಹಿಡಿದವನ ಮೇಲೆ ಕೇಸು ಹಾಕಬೇಕು ಎಂದ ಗುಂಡ. ಅಷ್ಟು ಸಾಕಾಯಿತು ಮೇಷ್ಟ್ರಿಗೆ. ಕನ್ನಡಕ ಒರೆಸಿಕೊಂಡು ಶುರುಮಾಡಿದರು.

ಅವನ ಹೆಸರು ಅರ್ವಿಂಗ್ ನ್ಯಾಕ್ಸನ್. ಅಮೆರಿಕದ ಶಿಕಾಗೋದವನು. ಅವನ ತಾಯಿ ಲಿಥುವೇನಿಯಾದ ವಿಲ್ನಾದ ಕತೆ ಹೇಳುತ್ತಿದ್ದಳಂತೆ. ಯಹೂದಿಗಳು ವಾರದ ವಿಶ್ರಾಂತಿಯ ಸಬ್ಬತ್ತಿನ ದಿನ ಒಲೆ ಹಚ್ಚಿ ಅಡುಗೆ ಮಾಡುವಂತಿಲ್ಲ. ಅದಕ್ಕೇ ಶುಕ್ರವಾರ ಸಂಜೆ ಸೂರ್ಯ ಮುಳುಗುವ ಮೊದಲು ಮಾಂಸ, ಕಾಳು, ತರಕಾರಿ ತುಂಬಿದ ಗಡಿಗೆಯನ್ನು ಬೇಕರಿಗೆ ಒಯ್ಯುವುದು. ಬೇಕರಿಯ ಒಲೆ ಆರುತ್ತ ಹೋದರೂ ಅದರ ಬಿಸಿಯಲ್ಲೇ ರಾತ್ರಿಯಿಡೀ ಬೇಯುವುದು. ಮರುದಿನ ತಂದು ಉಣ್ಣುವುದು. ಅದರ ಹೆಸರು ಚೋಲೆಂಟ್. ತಾಯಿ ಹೇಳಿದ ಆ ಗಡಿಗೆಯೇ ನ್ಯಾಕ್ಸನ್ನನ ತಲೆಯಲ್ಲಿ ಕೂತಿತು. 1940ರಲ್ಲಿ ಪೇಟೆಂಟ್ ಬಂತು. ಅವನು ಇಟ್ಟ ಹೆಸರು ನ್ಯಾಕ್ಸನ್ ಬೀನರಿ. 1970ರಲ್ಲಿ ರೈವಲ್ ಕಂಪನಿ ಕೊಂಡುಕೊಂಡಿತು. ಮರುವರ್ಷ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

"ನೋಡಿದಿರಾ," ಎಂದ ಸೀನ. "ಅವರೆಲ್ಲ ಹಾಕಿ ಮರೆತುಬಿಡುತ್ತಿದ್ದರು."

"ಮರೆಯದೆ ಏನು ಮಾಡುತ್ತಾರೆ? ಪಾತ್ರೆ ಬೇಕರಿಯಲ್ಲಿ, ತಾವು ಮನೆಯಲ್ಲಿ. ಗುಂಡನಂಥವನು ಅಲ್ಲೂ ಒಬ್ಬ ಇದ್ದಿರುತ್ತಾನೆ. ಆದರೆ ಅವನು ಮುಚ್ಚಳ ತೆಗೆಯಬೇಕಾದರೆ ರಾತ್ರಿ ಎದ್ದು ಬೀದಿ ದಾಟಿ ಬೇಕರಿಯವನ ಬಾಗಿಲು ಬಡಿಯಬೇಕಿತ್ತು. ಆ ನ್ಯಾಕ್ಸನ್ ಎಲ್ಲವನ್ನೂ ತಂದ, ಬೇಕರಿಯನ್ನು ತರಲಿಲ್ಲ. ಅಲ್ಲೇ ಕೆಟ್ಟದ್ದು."

ಗುಂಡನಿಗೆ ಬೀನರಿ ಎಂಬ ಮಾತು ಕಿವಿಗೆ ಬಿದ್ದಿತ್ತು. ಹಾಗಾದರೆ ಒಂದು ಹಿಡಿ ಕೆಂಪು ರಾಜ್ಮಾ ಕಾಳು ಹಾಕಿಬಿಡೋಣ ಎಂದ. ಸರೋಜಕ್ಕ ಮೊದಲ ಬಾರಿಗೆ ನಿಜವಾಗಿ ಗದರಿದರು. ಹಸಿ ರಾಜ್ಮಾದಲ್ಲಿ ವಿಷದ ಅಂಶವಿದೆ. ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಮಾತ್ರ ಹೋಗುತ್ತದೆ. ಸ್ಲೋ ಕುಕ್ಕರಿನ ಮಂದ ಬಿಸಿಗೆ ಅದು ಜಗ್ಗುವುದಿಲ್ಲ. ಹಾಗೇ ಹಾಕಿ ತಿಂದವರು ವಾಂತಿ ಮಾಡಿಕೊಂಡು ಮಲಗಿದ್ದಾರೆ.

"ಇದೊಂದು ವಿಷಯ ಮಾತ್ರ ಮರೆಯಬೇಡ. ಉಳಿದದ್ದೆಲ್ಲ ಮರಿ."

"ಇಷ್ಟೆಲ್ಲ ಯಾಕೆ?" ಎಂದ ಗುಂಡ. ಹಸಿವಿಗೆ ಸಿಟ್ಟೂ ಬರತೊಡಗಿತ್ತು. "ಪ್ರೆಶರ್ ಕುಕ್ಕರಿನಲ್ಲಿ ನಾಲ್ಕು ಸೀಟಿ ಹಾಕಿಸಿದ್ದರೆ ಇಷ್ಟು ಹೊತ್ತಿಗೆ ಉಂಡು ಕೈ ತೊಳೆದಿರುತ್ತಿದ್ದೆವು. ಹೇಳೋ ಸೀನ, ಯಾಕೆ ಕೊಂಡೆ ಇದನ್ನು?"

ಸೀನ ತಕ್ಷಣ ಉತ್ತರ ಹೇಳಲಿಲ್ಲ. ಮೇಜಿನ ಮೇಲಿದ್ದ ಕ್ಯಾರೆಟ್ ಸಿಪ್ಪೆಯನ್ನು ಬೆರಳಿಗೆ ಸುತ್ತಿಕೊಂಡ.

"ಬೆಳಿಗ್ಗೆ ಹಾಕಿ ಆಫೀಸಿಗೆ ಹೋಗುತ್ತೇನೆ. 'ಲೋ'ದಲ್ಲಿಟ್ಟರೆ ಎಂಟು ಗಂಟೆ. ಸಂಜೆ ಬಂದು ಬೀಗ ತೆಗೆಯುತ್ತೇನಲ್ಲ, ಆಗ ಘಮ ಬರುತ್ತದೆ. ಒಂದು ಕ್ಷಣ, ಒಳಗೆ ಯಾರೋ ಅಡುಗೆ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಚಪ್ಪಲಿ ಬಿಡುವಷ್ಟರಲ್ಲಿ ನಾನೇ ಹಾಕಿದ್ದು ಅಂತ ನೆನಪಾಗುತ್ತದೆ. ಅಷ್ಟೇ."

ಗುಂಡ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

"ನನ್ನ ಮನೆಯಲ್ಲಿ ಆರು ವರ್ಷದಿಂದ ಬೀಗ ತೆಗೆದರೆ ಬೀಗದ ವಾಸನೆಯೇ," ಎಂದರು ಮೇಷ್ಟ್ರು. "ಮೊದಲು ಬೀದಿ ತಿರುವಿನಲ್ಲೇ ಗೊತ್ತಾಗುತ್ತಿತ್ತು, ಇವತ್ತು ಏನು ಅಡುಗೆ ಅಂತ. ಒಂದು ದಿನವೂ ಚೆನ್ನಾಗಿದೆ ಅಂತ ಹೇಳಲಿಲ್ಲ ನೋಡಿ. ಉಪ್ಪು ಜಾಸ್ತಿಯಾದ ದಿನ ಮಾತ್ರ ಹೇಳುತ್ತಿದ್ದೆ. ಆ ದಿನ ತಪ್ಪಿಸುತ್ತಿರಲಿಲ್ಲ."

"ನಮ್ಮಮ್ಮ ಮುಚ್ಚಳ ತೆಗೆಯುತ್ತಲೇ ಇರಲಿಲ್ಲ," ಎಂದರು ಸರೋಜಕ್ಕ. ಈ ಸಲ ದನಿಯಲ್ಲಿ ಚಾಕು ಇರಲಿಲ್ಲ. "ಇನ್ನೊಂದು ಕೋಣೆಯಲ್ಲಿ ಬಟ್ಟೆ ಮಡಚುತ್ತ ಕೂತಿರುತ್ತಿದ್ದಳು. ಕೂತಲ್ಲಿಂದಲೇ ಮೂಗು ಅರಳಿಸಿ, ಹೋಗು ಇಳಿಸು, ಬೆಂದಿದೆ ಅನ್ನುತ್ತಿದ್ದಳು. ನಾನು ಓಡಿಹೋಗಿ ನೋಡಿದರೆ ಬೆಂದಿರುತ್ತಿತ್ತು. ಹೇಗಮ್ಮ ಅಂತ ಕೇಳಬೇಕು ಅಂದುಕೊಂಡೆ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂತ ಹಾಗೇ ಹೋಯಿತು."

ಅಲ್ಲಿಂದ ಮಾತು ಎತ್ತೆತ್ತಲೋ ಹೋಯಿತು. ಮೇಷ್ಟ್ರ ಮನೆಯವರು ಸುಟ್ಟ ಪಾತ್ರೆಯನ್ನು ಪಕ್ಕದ ಮನೆಯಲ್ಲಿ ಬಚ್ಚಿಟ್ಟದ್ದು. ಗುಂಡ ಹಾಸ್ಟೆಲಿನಲ್ಲಿ ಇಸ್ತ್ರಿಪೆಟ್ಟಿಗೆ ತಲೆಕೆಳಗಾಗಿ ಇಟ್ಟು ಬ್ರೆಡ್ ಸುಟ್ಟು, ನಂತರ ಅದರಲ್ಲೇ ವಾರ್ಡನ್ನರ ಅಂಗಿಗೆ ಇಸ್ತ್ರಿ ಮಾಡಿಕೊಟ್ಟದ್ದು. ಆ ಅಂಗಿಯ ಹಿಂದೆ ಇಡೀ ಕಾಲೇಜಿನ ನಾಯಿಗಳು ನಡೆದದ್ದು. ಇದು ಸುಳ್ಳು ಎಂದು ಸರೋಜಕ್ಕ, ಆಣೆಗೂ ನಿಜ ಎಂದು ಗುಂಡ. ಸೀನ ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಈರುಳ್ಳಿ ಹೆಚ್ಚಿ ಬಹಳ ಹೊತ್ತಾಗಿತ್ತು.

ಮಾತಿನ ನಡುವೆ ಗುಂಡ ಥಟ್ಟನೆ ತಲೆ ಎತ್ತಿದ. "ಏನೋ ಘಮ ಬರುತ್ತಿದೆಯಲ್ಲ?"

ಒಂಬತ್ತೂವರೆ. ಐದೂವರೆಯಿಂದ ಒಬ್ಬರೂ ಮುಚ್ಚಳ ಮುಟ್ಟಿರಲಿಲ್ಲ.

ಸೀನ ಓಡಿದ. ಆಲೂಗಡ್ಡೆ ಚಮಚ ತಾಗಿದರೆ ಬಿರಿಯುವಂತಿತ್ತು. ಕ್ಯಾರೆಟ್ ಕೊನೆಗೂ ಸೋತಿತ್ತು. ಸಾಸೇಜಿನ ಬಣ್ಣ ಹಾಗೇ ಇತ್ತು, ಅದರ ರಸ ಇಳಿದು ಕೆಳಗಿನ ಈರುಳ್ಳಿಯೆಲ್ಲ ಸಿಹಿಯಾಗಿತ್ತು. ಮೇಷ್ಟ್ರು ಥರ್ಮಾಮೀಟರ್ ಚುಚ್ಚಿ ನೋಡಿ ತಲೆಯಾಡಿಸಿದರು. ಅಂಕಿ ಹೇಳಲು ಹೊರಟಿದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಕೈಯಲ್ಲೂ ತಟ್ಟೆ ಬಂದಿತ್ತು.

ಎರಡನೆಯ ಸಲ ಬಡಿಸಿಕೊಳ್ಳುವಾಗ ಸರೋಜಕ್ಕನ ಮೊಣಕೈ ಬಟ್ಟಲಿಗೆ ತಾಗಿತು. ನೋಡಿದರೆ ಬಟಾಣಿ. ಮಂಜು ಕರಗಿ, ತನ್ನ ನೀರಿನಲ್ಲಿ ತಾನೇ ತೇಲುತ್ತಿತ್ತು.

"ಸೀನ, ಇದನ್ನು ಹಾಕಲೇ ಇಲ್ಲವಲ್ಲೋ!"

"ಅಯ್ಯೋ, ಮರೆತೇಹೋಯಿತು ಅಕ್ಕ."

"ಅದರಲ್ಲಿ ಹಾಗೇ ಮಾಡಿ ಅಂತ ತಾನೇ ಬರೆದಿದ್ದು," ಎಂದ ಗುಂಡ, ಬಾಯಿ ತುಂಬ ಸಾಸೇಜ್ ಇಟ್ಟುಕೊಂಡು.