ಬಗ್ಯಾಸ್ + ಕಲ್ಲಿದ್ದಲು ಪ್ಲಾಂಟ್: ಬ್ಯಾಂಕಿನ ಎಲ್‌ಐಇ (ಸಾಲ ಕೊಟ್ಟೋರ ಸ್ವತಂತ್ರ ಎಂಜಿನಿಯರ್) ಆಗಿ ಯಾರನ್ನ ಒಪ್ಕೋಬೇಕು? ಅನುಭವ ಇದ್ದೋರು ಹೇಳಿ

ಪ್ರಶ್ನೆ: ಬಾಗಲಕೋಟೆ ಕಡೆ 60 ಮೆ.ವ್ಯಾ. ಕೋಜನ್ (ಹಬೆ, ಕರೆಂಟ್ ಎರಡೂ ಮಾಡೋ ಪ್ಲಾಂಟ್). ಸೀಸನ್ನಲ್ಲಿ ಬಗ್ಯಾಸ್ (ಕಬ್ಬಿನ ಸಿಪ್ಪೆ), ಆಫ್ ಸೀಸನ್ನಲ್ಲಿ ಇಂಡೋನೇಷ್ಯಾ ಕಲ್ಲಿದ್ದಲು. ಬ್ಯಾಂಕಿನೋರು ಎಲ್‌ಐಇ ಅಂತ ಮೂರು ಹೆಸರು ಕಳಿಸಿದ್ದಾರೆ. ಫೀ ಕಮ್ಮಿ ಇರೋರನ್ನ ತಗೊಳ್ಳೋದಾ, ಬಾಯ್ಲರ್ ಬಲ್ಲೋರನ್ನಾ?

ಘಟಪ್ರಭಾ ದಂಡಿ: ಫೀ ನೋಡ್ಬ್ಯಾಡ್ರಿ ಸರ. ನಮ್ಮಲ್ಲಿ ಅಗ್ಗ ಅಂತ ಮ್ಯಾನೇಜ್‌ಮೆಂಟ್‌ನವ್ರು ಒಬ್ರನ್ನ ಒಪ್ಕೊಂಡ್ರು, ಬಂದಾವ್ರು ಬರೇ ಸಿವಿಲ್ ಬಲ್ಲವ್ರು, ಫೌಂಡೇಶನ್ ನೋಡಿದ್ರು ಫೋಟೋ ಹೊಡ್ಕೊಂಡ್ರು ಹೋದ್ರು. ಟರ್ಬೈನ್ ವೆಂಡರ್ ಶಾಪಿನಾಗ ರೆಡಿ ಐತಿ, ಇನ್‌ಸ್ಪೆಕ್ಷನ್ ರಿಪೋರ್ಟ್ ಐತಿ, ಆದ್ರ ಮಾಲು ಸೈಟಿಗೆ ಬಂದಿಲ್ಲಂತ ಬಿಲ್ ಸರ್ಟಿಫೈ ಮಾಡ್ಲಿಲ್ಲ, ಡ್ರಾಡೌನ್ (ಸಾಲದ ಮುಂದಿನ ಕಂತು) ನಿಂತು ಹೋತು. ಅಷ್ಟೊತ್ತಿಗೆ 200 ಕೋಟಿ ಸಾಲ ಎತ್ತಿದ್ವಿ, ಬಡ್ಡಿ ಶೇ. 11, ಅಂದ್ರ ತಿಂಗಳಿಗೆ 1 ಕೋಟಿ 83 ಲಕ್ಷ ಐಡಿಸಿ (ಪ್ಲಾಂಟ್ ಕಟ್ಟೋ ಟೈಮಿನ ಬಡ್ಡಿ)! ಕ್ರೇನ್ ಐಡಲ್ ಚಾರ್ಜ್ ಬ್ಯಾರೆ. ಮಳಿ ಹಿಡಿತು, ಎರೆಕ್ಷನ್ ಗ್ಯಾಂಗ್ ಊರಿಗೆ ಹೋತು, ಕಬ್ಬು ನುರಿಸೋದು ಚಾಲೂ ಆದ್ರೂ ಹೊಸ ಬಾಯ್ಲರ್ ತಣ್ಣಗ ಕುಂತಿತ್ತು.

ಸಾಲದ ಫೈಲು: ನಾನು ಬ್ಯಾಂಕ್ ಕಡೆ ಇದ್ದೋನು, ಎಲ್ಲಾ ಎಲ್‌ಐಇ ತಲೆಗೆ ಕಟ್ಬೇಡಿ. ಫೀ ಕೊಡೋದು ನೀವು, ಆದ್ರೆ ಅವರು ಕೆಲಸ ಮಾಡೋದು ಸಾಲ ಕೊಟ್ಟೋರಿಗೆ. ಎಷ್ಟು ಕೆಲಸ ಮುಗಿದಿದೆ ಅಂತ ಅವರು ಸರ್ಟಿಫೈ ಮಾಡಿದ ಮೇಲೇ ದುಡ್ಡು, 2025ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮಾನೇ ಇದೆ. ನಮ್ಮ ಕೇಸಲ್ಲಿ ಡಿಪಿಆರ್‌ನಲ್ಲಿ (ಯೋಜನಾ ವರದಿಯಲ್ಲಿ) ಬಗ್ಯಾಸ್ ತೇವ ಶೇ. 50, ಜಿಸಿವಿ (ಸುಟ್ಟಾಗ ಸಿಗೋ ಶಾಖ) ಕೆಜಿಗೆ 2250 ಕಿಲೋಕ್ಯಾಲರಿ ಅಂತ ಹಾಕಿದ್ರು, ಯಾರ್ಡಿಗೆ ಸೂರೇ ಇಲ್ಲ! ನೆಂದ ಬಗ್ಯಾಸ್‌ಗೆ ಆ ಜಿಸಿವಿ ಎಲ್ಲಿಂದ ಬರುತ್ತೆ? ನಮ್ಮ ಎಂಜಿನಿಯರ್ ಶೆಡ್ ಹಾಕ್ಸಿದ್ರು, ಎರಡೂ ಇಂಧನಕ್ಕೆ ಬೇರೆಬೇರೆ ಪಿಜಿ ಟೆಸ್ಟ್ (ವೆಂಡರ್ ಮಾತು ಕೊಟ್ಟಷ್ಟು ಓಡುತ್ತಾ ಅನ್ನೋ ಪರೀಕ್ಷೆ) ಆಗ್ಲೇಬೇಕು ಅಂದ್ರು, ಪ್ರೊಮೋಟರ್ ಕೂಗಾಡಿದ್ರು. ಕಲ್ಲಿದ್ದಲಲ್ಲಿ ಓಡ್ಸಿದಾಗ ಫೀಡರ್ ಕಟ್ಕೊಂಡು ಲೋಡೇ ಏರ್ಲಿಲ್ಲ. ಅಷ್ಟರಲ್ಲಿ ರಿಟೆನ್ಷನ್ ದುಡ್ಡು (ವೆಂಡರ್ ಬಿಲ್ಲಲ್ಲಿ ಹಿಡಿದಿಟ್ಟಿದ್ದು) ಬಿಟ್ಟಿದ್ರೆ ವೆಂಡರ್ ಫೋನ್ ಎತ್ತುತಿದ್ನಾ?

ನೈಟ್ ಶಿಫ್ಟ್: ನಿಮ್ಮ ಪಿಜಿ ಟೆಸ್ಟ್ ಒಂದಿನದ ಮದುವೆ ರೀ! ಅವತ್ತು ಒಳ್ಳೆ ಬಗ್ಯಾಸ್, ಸೋಸಿದ ಕಲ್ಲಿದ್ದಲು. ಆಮೇಲೆ ಬಗ್ಯಾಸ್ ಸಾಲ್ದೆ ಕಬ್ಬಿನ ರವದಿ (ಒಣಗಿದ ಎಲೆ) ಹಾಕ್ತಾರೆ, ಅದ್ರಲ್ಲಿರೋ ಪೊಟ್ಯಾಷ್, ಕ್ಲೋರಿನ್‌ಗೆ ಬೂದಿ ಕರಗಿ ಸೂಪರ್‌ಹೀಟರ್ ಟ್ಯೂಬಿಗೆ ಮೆತ್ತಿಕೊಳ್ಳುತ್ತೆ. ಮ್ಯಾನ್‌ಹೋಲ್‌ನಿಂದ ಒಳಗೆ ಹೋಗಿ ಸಲಾಕೆಯಲ್ಲಿ ಕ್ಲಿಂಕರ್ (ಗಟ್ಟಿಯಾದ ಬೂದಿ) ಒಡೆದೋರು ನಾವು, ಬ್ಯಾಂಕಿನೋರಲ್ಲ. ರವದಿ ಬಗ್ಗೆ ನಿಮ್ಮ ಎಂಜಿನಿಯರ್ ಒಂದು ಸಾಲು ಬರೆದಿದ್ರಾ?

ಸಾಲದ ಫೈಲು: ಡಿಪಿಆರ್‌ನಲ್ಲಿ ಇಲ್ಲದ ಇಂಧನ ನೀವು ಸುಟ್ರೆ ಎಂಜಿನಿಯರ್ ಏನ್ ಮಾಡ್ಬೇಕು?

ಕುಡ್ಲ ಕರೆಂಟ್: ಈ ಜಗಳ ಯಾಕೆ ಮಾರಾಯ್ರೆ, ಮಂಗಳೂರಿನ ತಣ್ಣೀರುಬಾವಿ ನೋಡಿ. 220 ಮೆ.ವ್ಯಾ. ನಾಫ್ತಾ (ಪೆಟ್ರೋಲಿಯಂ ಇಂಧನ) ಪ್ಲಾಂಟ್, ಬಾರ್ಜ್ ಅಂದ್ರೆ ತೇಲೋ ದೋಣಿ ಮೇಲೆ ಕಟ್ಟಿದ್ದು, 2001ರಲ್ಲಿ ಶುರು, ಮಿಷನ್ ಚೆನ್ನಾಗೇ ಇತ್ತು, ಆದ್ರೆ ನಾಫ್ತಾ ಕರೆಂಟ್ ದುಬಾರಿ. ಕೊನೆಗೆ ಕಾಕಿನಾಡಕ್ಕೆ ಸಾಗಿಸಿ ಗ್ಯಾಸಿಗೆ ಬದಲಾಯಿಸಿದ್ರು. ಇಂಧನದ ರೇಟಿಗೆ ಯಾವ ಎಂಜಿನಿಯರ್ ಸರ್ಟಿಫಿಕೇಟ್ ಕೊಡ್ತಾರೆ?

ಘಟಪ್ರಭಾ ದಂಡಿ: ನಿಮ್ಮ ಬಾರ್ಜಿಗೂ ನಮ್ಮ ಕಬ್ಬಿಗೂ ಏನ್ ಸಂಬಂಧ ಸರ? ಕಬ್ಬು ನಮ್ಮ ಹೊಲದಾಗ ಬೆಳೀತೈತಿ.

ಕುಡ್ಲ ಕರೆಂಟ್: ಕಲ್ಲಿದ್ದಲು ಹಡಗಲ್ಲೇ ಬರೋದು ಅಲ್ವಾ? ಅದಕ್ಕೆ ಡಾಲರ್ ಕೊಡೋದು ಯಾರು?