ಸಹಾಯ ಬೇಕು: ಮಂಗನ ಕಾಯಿಲೆ ಪಿಸಿಆರ್ ನೆಗೆಟಿವ್ ಬಂದಿದೆ, ನಂಬಬಹುದಾ?

ನಮಸ್ಕಾರ, ಲ್ಯಾಬ್ ಕೆಲಸ ಗೊತ್ತಿರೋರು ಅಥವಾ ಮಲೆನಾಡು ಕಡೆ ಡಾಕ್ಟ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ನಮ್ಮದು ತೀರ್ಥಹಳ್ಳಿ ಹತ್ರ. ಅಪ್ಪ ದರಗು ತರೋಕೆ ಕಾಡಿಗೆ ಹೋಗಿ ಬಂದ್ರು, ಮಂಡಿ ಹಿಂದೆ ಉಣ್ಣೆ ಕಚ್ಚಿಕೊಂಡಿತ್ತು, ನಾನೇ ಕಿತ್ತು ತೆಗೆದೆ. ಐದು ದಿನ ಆದ್ಮೇಲೆ ಜ್ವರ, ತಲೆನೋವು, ಸೊಂಟ ಎತ್ತೋಕೇ ಆಗದಷ್ಟು ನೋವು.

ಮೊದಲು ಡೆಂಗ್ಯೂ ಅಂತ ಎನ್ಎಸ್1 ಮಾಡ್ಸಿದ್ವಿ, ನೆಗೆಟಿವ್. ಆಮೇಲೆ ಉಣ್ಣೆಯಿಂದ ಹರಡೋ ಕೆಎಫ್‌ಡಿ (ಅದೇ ಮಂಗನ ಕಾಯಿಲೆ) ಅನುಮಾನ ಬಂದು ಆರ್‌ಟಿಪಿಸಿಆರ್‌ಗೆ ರಕ್ತ ಕಳ್ಸಿದ್ರು, ಆದ್ರೆ ಅಷ್ಟೊತ್ತಿಗೆ ಜ್ವರ ಶುರುವಾಗಿ ಹನ್ನೊಂದು ದಿನ ಆಗಿತ್ತು, ಅದೂ ಅಲ್ದೆ ಟ್ಯೂಬು ಐಸ್ ಇಲ್ದೆ ಅರ್ಧ ದಿನ ಟೇಬಲ್ ಮೇಲೇ ಇತ್ತು, ನಾನು ಕಣ್ಣಾರೆ ನೋಡಿದೀನಿ. ರಿಪೋರ್ಟ್ ನೆಗೆಟಿವ್.

ನಾನು ಓದಿರೋ ಪ್ರಕಾರ ಈ ವೈರಸ್‌ದು ಆರ್‌ಎನ್‌ಎ, ಟೆಸ್ಟಲ್ಲಿ ಅದನ್ನ ಡಿಎನ್‌ಎ ಮಾಡ್ಕೊಂಡು ಕಾಪಿ ಹೆಚ್ಚಿಸಿ ನೋಡ್ತಾರೆ, ಜ್ವರದ ಮೊದಲ ದಿನಗಳಲ್ಲಿ ಚೆನ್ನಾಗಿ ಸಿಗುತ್ತೆ, ತಡ ಆದ್ರೆ ರಕ್ತದಲ್ಲಿ ವೈರಸ್ಸೇ ಕಮ್ಮಿ ಆಗಿರುತ್ತೆ, ಆಗ ವೈರಸ್ ವಿರುದ್ಧ ದೇಹ ಮಾಡ್ಕೊಂಡಿರೋ ಪ್ರತಿಕಾಯ ಹುಡುಕೋ ಐಜಿಎಂ ಎಲೈಸಾ ಟೆಸ್ಟ್ ಮಾಡ್ತಾರಂತೆ. ಬಿಸಿಗೆ ಆರ್‌ಎನ್‌ಎ ಬೇಗ ಹಾಳಾಗುತ್ತಂತೆ ಬೇರೆ. ಡ್ಯೂಟಿ ಡಾಕ್ಟರ್ ಮಾತ್ರ ನೆಗೆಟಿವ್ ಅಂದ್ರೆ ಮುಗೀತು ಅಂತಾರೆ. ಜ್ವರ ಬಿಟ್ಟಿದೆ, ಆದ್ರೆ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬಂದು ಮಿದುಳಿಗೂ ತೊಂದ್ರೆ ಆಗುತ್ತೆ ಅಂತಾರಲ್ಲ, ಅದಕ್ಕೇ ರಾತ್ರಿ ನಿದ್ದೆ ಬರ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಹನ್ನೊಂದನೇ ದಿನ ತೆಗೆದ ಸ್ಯಾಂಪಲ್‌ನ ಪಿಸಿಆರ್ ನೆಗೆಟಿವ್ ಇದ್ರೆ ಕೆಎಫ್‌ಡಿ ಇಲ್ಲ ಅಂತ ಅರ್ಥಾನಾ? ಈಗ ಐಜಿಎಂ ಮಾಡ್ಸೋದಾ, ಹೊಸ ರಕ್ತ ಕೊಟ್ಟು ಪಿಸಿಆರ್ ಮತ್ತೆ ಮಾಡ್ಸೋದಾ?