ಚಿಕ್ಕ ಮಕ್ಕಳ ಜೊತೆ ಶಾಪಿಂಗ್: ನೀವು ಹೇಗೆ ನಿಭಾಯಿಸ್ತೀರಿ?

ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಒಂದೂಕಾಲು. ಬಿಟ್ಟುಹೋಗೋಣ ಅಂದ್ರೆ ಮನೇಲಿ ಬೇರೆ ಯಾರೂ ಇಲ್ಲ. ಮೊನ್ನೆ ಬಿಲ್ ಮಾಡಿಸೋ ಸಾಲಲ್ಲಿ ಮಗಳು ಆಟಿಕೆ ಬೇಕು ಅಂತ ನೆಲದ ಮೇಲೆ ಬಿದ್ದು ಹೊರಳಾಡಿದಳು. ತುಂಬಿದ ಟ್ರಾಲಿ ಅಲ್ಲೇ ಬಿಟ್ಟು, ಇಬ್ಬರನ್ನೂ ಎತ್ಕೊಂಡು ಬಂದುಬಿಟ್ಟೆ. ಅನುಭವ ಇದ್ದವರು ದಯವಿಟ್ಟು ಹೇಳಿ.

— ಬಿಟ್ಟು ಬಂದಿದ್ದೇ ಸರಿ, ಬೇಜಾರು ಮಾಡ್ಕೋಬೇಡಿ. ನಿದ್ದೆಯ ಹೊತ್ತಲ್ಲಿ, ಹಸಿದ ಹೊಟ್ಟೇಲಿ ಕರ್ಕೊಂಡು ಹೋದರೆ ಯಾವ ಉಪಾಯವೂ ನಡೆಯಲ್ಲ. ನಾನು ಬೆಳಿಗ್ಗೆ ತಿಂಡಿ ಮುಗಿಸಿ, ಅಂಗಡಿ ತೆರೆದ ತಕ್ಷಣ ಹೋಗ್ತೀನಿ. ಅರ್ಧ ಗಂಟೆ, ಅಷ್ಟೇ. ಉಳಿದಿದ್ದು ಇನ್ನೊಂದು ದಿನ.

— ನಮ್ಮನೇಲಿ ಕೆಲಸಕ್ಕೆ ಬಂದಿದ್ದು ಚಿತ್ರದ ಚೀಟಿ. ಮಗಳಿಗೆ ಓದೋಕೆ ಬರ್ತಿರಲಿಲ್ಲ, ಹಾಗಾಗಿ ಸಾಬೂನು, ಬ್ರಷ್ಷು, ಬಲ್ಬು ಅಂತ ನಾಲ್ಕೈದು ಚಿತ್ರ ಗೀಚಿ ಕೈಗೆ ಪೆನ್ಸಿಲ್ ಕೊಟ್ಟೆ. ನಾನು ಕೆಟ್ಟದಾಗಿ ಬರೀತೀನಿ, ಅವಳಿಗೇನೂ ತೊಂದರೆ ಇಲ್ಲ. ಸಾಮಾನು ಟ್ರಾಲಿಗೆ ಬಿದ್ದ ಕೂಡಲೇ ನಾಲಿಗೆ ಹೊರಗೆ ಹಾಕಿ, ಮೈಯೆಲ್ಲ ಬಗ್ಗಿಸಿ ಒಂದು ಗೀಟು ಎಳೀತಾಳೆ. ಒಂದು ಸಲ ನಾನು ಇನ್ನೊಂದು ಸಾಬೂನು ತಗೊಳ್ಳೋಕೆ ಹೋದರೆ, "ಅಮ್ಮಾ, ಚೀಟೀಲಿ ಒಂದೇ ಇದೆ" ಅಂತ ವಾಪಸ್ ಇಡಿಸಿದಳು! ಅವಳಿಗೆ ಆಟಿಕೆ ಬೇಕು ಅನ್ನಿಸಿದಾಗಲೂ ಅದೇ ಚೀಟಿ ತೋರಿಸ್ತೀನಿ. ದಿನಾ ಒಪ್ಪಲ್ಲ, ಆದರೆ ಜಗಳ ಚೀಟಿ ಜೊತೆ, ನನ್ನ ಜೊತೆ ಅಲ್ಲ. ಇನ್ನೊಂದು, "ಏನು ಬೇಕು?" ಅಂತ ಕೇಳಲೇಬೇಡಿ. "ಕೆಂಪು ಬ್ರಷ್ಷಾ, ನೀಲೀದಾ?" ಅಂತ ಕೇಳಿ.

— ಅಪ್ಪಂದಿರ ಪರವಾಗಿ ಒಂದು ಮಾತು. ಮೇಲಿನ ಹಲಗೆಗೆ ಕೈ ಚಾಚಿ ಈ ಕಡೆ ತಿರುಗೋದರೊಳಗೆ ಮಗ ಟ್ರಾಲಿಯಲ್ಲಿ ಎದ್ದು ನಿಂತಿದ್ದ, ಒಂದು ಕಾಲು ಆಗಲೇ ಅಂಚಿನ ಮೇಲೆ. ಅಂಗಿಯ ಕಾಲರ್ ಸಿಕ್ಕಿತು, ಅದೃಷ್ಟ. ಈ ವಯಸ್ಸಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಬಿದ್ದರೆ ಹೆಚ್ಚಾಗಿ ತಲೆಯೇ ಮೊದಲು ನೆಲಕ್ಕೆ. ಸಾಮಾನು ಹಾಕೋ ಜಾಗದಲ್ಲಿ ಮಗೂನ ನಿಲ್ಲಿಸಬೇಡಿ. ಮಕ್ಕಳ ಸೀಟಲ್ಲಿ ಕೂರಿಸಿ ಬೆಲ್ಟ್ ಹಾಕಿ, ಬೆಲ್ಟ್ ಕಿತ್ತುಹೋಗಿದ್ದರೆ ಬೇರೆ ಟ್ರಾಲಿ ತಗೊಳ್ಳಿ. ದೊಡ್ಡವಳು ಹೊರಗಿಂದ ಹಿಡ್ಕೊಂಡು ಜೋತುಬಿದ್ದರೆ ಟ್ರಾಲಿ ಸಮೇತ ಮಗುಚುತ್ತೆ. ನಿಮ್ಮ ಚಿಕ್ಕವನನ್ನ ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್‌ನಲ್ಲಿ ಹಾಕ್ಕೊಂಡರೆ ಎರಡೂ ಕೈ ಖಾಲಿ ಇರುತ್ತೆ.

— ಹೊರಡೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತೆಗೀರಿ. ಮಗು ಕಣ್ಮರೆಯಾದ ಗಾಬರೀಲಿ ಯಾವ ಬಣ್ಣದ ಬಟ್ಟೆ ಹಾಕಿದ್ವಿ ಅನ್ನೋದೇ ನೆನಪಾಗಲ್ಲ, ನನಗೆ ಆಗಿದೆ. ಹಾಂ, ಬಿಲ್ ಕೌಂಟರ್ ಹತ್ತಿರ ಮಕ್ಕಳ ಕಣ್ಣೆತ್ತರಕ್ಕೇ ಆಟಿಕೆ ಜೋಡಿಸೋದು ಬೇಕಂತಲೇ. ತಪ್ಪು ನಿಮ್ಮ ಮಗಳದ್ದಲ್ಲ.

— ಎಲ್ಲರಿಗೂ ಥ್ಯಾಂಕ್ಸ್. ನಾಳೆಗೆ ಚೀಟಿ ಬರೆದಾಯ್ತು. ನಾನು ಬರೆದ ಬಲ್ಬು ನೋಡಿ ಮಗಳು ಆಗಲೇ "ಬಲೂನು, ಬಲೂನು" ಅಂತ ಕುಣೀತಿದ್ದಾಳೆ. ಅಳಿಸಿ ಬರೀಬೇಕು.